ಸಮುದ್ರಕ್ಕೆ ಸೇರಿ ವ್ಯರ್ಥವಾಗೋ ನೀರು...

ತುಂಬಾ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ಆಫೀಸಿನ ರಿಲೀಸು, ಅದರ ಹಿಂದೆ ಇನ್ನೊಂದು ರಿಲೀಸು... ನೆಪಗಳಿಗೇನು ಬರ ಇಲ್ಲ ಬಿಡಿ :-) ಈ ಸಲ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ್ನ ಕರ್ಕೊಂಡು ಕುಮಟಾ ಕಡೆ ಹೋಗಿ ಬಂದೆ. ಅಲ್ಲಿಂದ ಬಂದ ಮೇಲೆ ಒಂದು ವಿಷಯ ತಲೇಲಿ ಕೊರೀತಾನೇ ಇದೆ. ಬರೆದು ಹಗುರಾಗೋಣ ಅಂತ ಕೂತಿದ್ದೀನಿ.

ನಮ್ಮೂರು ನವಲಗುಂದ ತಾಲ್ಲೂಕಿನ ಒಂದು ಹಳ್ಳಿ. ಎರಿ ಹೊಲ, ಕಡ್ಲಿ, ಗೋದಿ, ಹತ್ತಿ. ಮಳೆ ಬಂದ್ರೆ ಹೊಲದಾಗ ಕಾಲಿಡೋ ಹಾಗಿಲ್ಲ, ಬರದಿದ್ರೆ ಕಾಲು ಸಿಕ್ಕೊಳ್ಳೋವಷ್ಟು ದೊಡ್ಡ ಬಿರುಕು. ನೀರಿನ ಮಾತಿಲ್ಲದೆ ನಮ್ಮಲ್ಲಿ ಯಾವ ಕಟ್ಟೆ ಹರಟೆನೂ ಮುಗಿಯಲ್ಲ. 1980ರ ಜುಲೈ 21ಕ್ಕೆ ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಗಿದ್ದನ್ನ ಅಪ್ಪ ನಿನ್ನೆ ಮೊನ್ನೆ ಆದ ಹಾಗೆ ಹೇಳ್ತಾರೆ. 2016ರಲ್ಲಿ ಕಳಸಾ-ಬಂಡೂರಿ ಹೋರಾಟ ಜೋರಾದಾಗ ನಾನು ಇಂಜಿನಿಯರಿಂಗ್ ಓದ್ತಿದ್ದೆ. ನಾನೂ ಕೊರಳಿಗೆ ಹಸಿರು ಶಾಲು ಹಾಕ್ಕೊಂಡು ಮೆರವಣಿಗೆಯಲ್ಲಿ ಹೋಗಿದ್ದೆ. ನನ್ನ ಕೈಲಿದ್ದ ರಟ್ಟಿನ ಮೇಲೆ ನಾನೇ ಬರೆದಿದ್ದೆ, "ಸಮುದ್ರಕ್ಕೆ ಸೇರಿ ವ್ಯರ್ಥವಾಗೋ ನೀರು ನಮಗೆ ಕೊಡಿ" ಅಂತ.

ಈ ವ್ಯರ್ಥ ಅನ್ನೋ ಪದ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಹೋಗ್ತಾ ಕಲಘಟಗಿ ದಾಟಿ ಬೇಡ್ತಿ ಸೇತುವೆ ಬಂದಾಗ ಅಪ್ಪ ಕಿಟಕಿಯಿಂದ ಬಗ್ಗಿ ನೋಡಿ, "ನೋಡು, ಇದು ನಮ್ಮ ಧಾರವಾಡದಾಗ ಹುಟ್ಟಿದ ಶಾಲ್ಮಲಿ. ನಮಗ ಬೆನ್ನ ಮಾಡಿ ಹೊಂಟಾಳ. ಹೋಗಿ ಸಮುದ್ರಕ್ಕ ಬೀಳತಾಳ, ಎಲ್ಲಾ ಹಾಳು" ಅಂದ್ರು. ಸೋಮೇಶ್ವರ ಗುಡಿ ಹತ್ತಿರ ಹುಟ್ಟೋ ಶಾಲ್ಮಲೆ ಮುಂದೆ ಬೇಡ್ತಿ, ಆಮೇಲೆ ಗಂಗಾವಳಿ ಅಂತ ಹೆಸರು ಬದಲಿಸಿಕೊಂಡು ಅಂಕೋಲಾ ಹತ್ತಿರ ಕಡಲು ಸೇರುತ್ತೆ. ನಾನೂ ಹೂಂ ಅಂದೆ.

ನಾವು ಹೋಗಿದ್ದು ಅದರ ಪಕ್ಕದ ಅಘನಾಶಿನಿಗೆ. ಶಿರಸಿ ಹತ್ತಿರ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರೋ ನದಿ. ಇಡೀ ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟಿಲ್ಲ. ತದಡಿ ಹತ್ತಿರ ನದಿ ಅಗಲ ಆಗಿ, ದಿನಕ್ಕೆರಡು ಸಲ ಸಮುದ್ರ ಒಳಗೆ ಬಂದು ಹೋಗುತ್ತೆ. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿ ಸೇರಿತು. ವಿಸ್ತೀರ್ಣ 4,801 ಹೆಕ್ಟೇರ್.

ದೋಣಿಯವರಿಗೆ ಅಪ್ಪನಷ್ಟೇ ವಯಸ್ಸು. ಮೀನು ಹಿಡಿಯೋದು ಅವರ ಕೆಲಸ, ನಮ್ಮಂಥೋರು ಬಂದ್ರೆ ಕಾಂಡ್ಲಾ ಗಿಡಗಳ ನಡುವೆ ಸುತ್ತಾಡಿಸ್ತಾರೆ. ದೊಡ್ಡ ಬೋಟಿಲ್ಲ, ಹಾಡಿಲ್ಲ. ಕಾಂಡ್ಲಾ ನೆಡೋ ಕೆಲಸಕ್ಕೆ ಅರಣ್ಯ ಇಲಾಖೆ ಜೊತೆ ಊರವರೂ ಹೋಗಿದ್ರಂತೆ. ಬೇರುಗಳು ಕೆಸರಿಂದ ಮೇಲೆ ಎದ್ದು ನಿಂತಿದ್ದನ್ನ ತೋರಿಸಿ "ಇದ್ರ ಬುಡದಲ್ಲೇ ಮೀನು ಮರಿ ಬೆಳೆಯೂದು" ಅಂದ್ರು.

ಇಳಿತದ ಹೊತ್ತು. ನದಿ ನಡುವೆ ಮರಳದಿಬ್ಬ ಎದ್ದಿತ್ತು. ಹೆಂಗಸರು ಸೊಂಟದ ಮಟ್ಟ ನೀರಲ್ಲಿ ನಿಂತು ಬೆಳಚು ಹೆಕ್ತಿದ್ರು. ಬೆಳಚು ಅಂದ್ರೆ ಚಿಪ್ಪಿನೊಳಗಿನ ಹುಳ, ಅಲ್ಲಿನವರಿಗೆ ಊಟವೂ ಹೌದು, ದುಡಿಮೆಯೂ ಹೌದು. ಹೊಲ ಬೇಡ, ಬಲೆ ಬೇಡ, ದೋಣಿನೂ ಬೇಡ. ಒಂದು ಬುಟ್ಟಿ ಸಾಕು. ಅಪ್ಪ ಬಹಳ ಹೊತ್ತು ನೋಡಿ, "ಇವ್ರಿಗೆ ಬಿತ್ತೂದಿಲ್ಲ, ಕಳೆ ತಗಿಯೂದಿಲ್ಲ. ಬರೇ ರಾಶಿ!" ಅಂದ್ರು.

ಆಮೇಲೆ ಗಜನಿ. ಉಪ್ಪುನೀರು ನುಗ್ಗದ ಹಾಗೆ ಒಡ್ಡು ಕಟ್ಟಿ, ಹಲಗೆ ಬಾಗಿಲು ಇಟ್ಟು ಮಾಡಿರೋ ಗದ್ದೆ. ಅಲ್ಲಿ ಬೆಳೆಯೋದು ಕಗ್ಗ ಭತ್ತ. ಉಪ್ಪಿಗೂ ಜಗ್ಗಲ್ಲ, ನೆರೆ ಬಂದು ಮುಳುಗಿದ್ರೂ ಬದುಕುತ್ತೆ, ಗೊಬ್ಬರ ಕೇಳಲ್ಲ. ತೆನೆ ಮಾತ್ರ ಕೊಯ್ದು ಹುಲ್ಲನ್ನ ಅಲ್ಲೇ ಬಿಡ್ತಾರೆ, ಅದು ಕೊಳೆತು ಸಿಗಡಿಗೂ ಮೀನಿಗೂ ಮೇವು. ಒಬ್ಬನ ಒಡ್ಡು ಒಡೆದ್ರೆ ಎಲ್ಲರ ಗದ್ದೆಗೂ ಉಪ್ಪು, ಹಾಗಾಗಿ ಊರು ಸೇರಿಯೇ ಒಡ್ಡು ಕಾಯಬೇಕು. ಅಪ್ಪ ಒಂದು ತೆನೆ ಉಜ್ಜಿ ಕಾಳು ಬಾಯಿಗೆ ಹಾಕ್ಕೊಂಡ್ರು. ರೈತನಿಗೆ ರೈತನ ಭಾಷೆ ಬೇಗ ಅರ್ಥ ಆಗುತ್ತೆ, ಅಲ್ಲಿಂದ ಅವರಿಬ್ಬರ ಮಾತಲ್ಲಿ ನನಗೆ ಜಾಗವೇ ಇರಲಿಲ್ಲ :-)

ಅಪ್ಪ ಕೊನೆಗೆ ಕೇಳೇಬಿಟ್ರು. "ಯಜಮಾನ್ರ, ಈ ಹೊಳಿ ನೀರು ಮ್ಯಾಲೇ ನಿಂದ್ರಿಸಿ ನಮ್ಮ ಕಡೆ ತಿರುವಿದ್ರ ನಿಮಗೇನ ಆಗತೈತಿ?"

ಅವರು ಸಿಟ್ಟಾಗಲಿಲ್ಲ. "ಸಿಹಿನೀರು ಕಡಿಮೆ ಆದ್ರೆ ಉಪ್ಪು ಮೇಲೆ ಹತ್ತತದೆ, ಗದ್ದೆ ಹೋತದೆ. ಹೊನ್ನಾವರದಲ್ಲಿ ಉಲ್ಟಾ ಆಗದೆ. ಶರಾವತಿಗೆ ವರ್ಷಪೂರ್ತಿ ಕರೆಂಟಿನ ನೀರು ಬತ್ತದೆ, ಉಪ್ಪೇ ಇಲ್ಲ. ಬೆಳಚು ಹೋಯ್ತು. ನಮಗೆ ಎರಡೂ ಬೇಕು, ಅದರದ್ದೇ ಹೊತ್ತಿಗೆ" ಅಂದ್ರು.

ಮನೆಗೆ ಬಂದು ಓದಿದೆ. ಹೌದು, ಭಾರತೀಯ ವಿಜ್ಞಾನ ಸಂಸ್ಥೆಯವರ ಅಧ್ಯಯನವೂ ಅದನ್ನೇ ಹೇಳುತ್ತೆ. 1964ರ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪ ಆದ ಮೇಲೆ ಶರಾವತಿ ಅಳಿವೆಯ ಉಪ್ಪಿನಂಶ ಇಳಿದು ಬೆಳಚು ಹೆಚ್ಚುಕಡಿಮೆ ಮಾಯ. ಅಘನಾಶಿನಿ ಅಳಿವೆಯನ್ನ ನಂಬಿರೋದು ಸುಮಾರು 6,000ದಿಂದ 7,500 ಕುಟುಂಬ. ತದಡಿಯಲ್ಲಿ 4,000 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಬರ್ತದೆ ಅಂದಾಗ ಇದೇ ಜನ ಬೀದಿಗಿಳಿದಿದ್ರು. ಯೋಜನೆ ಅಲ್ಲಿಗೆ ನಿಂತಿತು.

ವಾಪಸ್ ಬರುವಾಗ ಅದೇ ಬೇಡ್ತಿ ಸೇತುವೆ. ಅಪ್ಪ ಈ ಸಲ ಬಗ್ಗಿ ನೋಡಿದ್ರು, ಏನೂ ಅನ್ನಲಿಲ್ಲ. ಕಲಘಟಗಿಯಲ್ಲಿ ಚಾ ಕುಡಿಯುವಾಗ ಮಾತ್ರ ಹೇಳಿದ್ರು, "ನಮಗೂ ನೀರು ಬೇಕಲೇ ತಮ್ಮಾ. ಅದು ಸುಳ್ಳಲ್ಲ. ಆದ್ರ ಹಾಳಾಗತೈತಿ ಅನ್ನೂದು ಸುಳ್ಳು."

ನಾನು ಊರಿನ ನೀರಿನ ಬೇಡಿಕೆ ಬಿಟ್ಟಿದ್ದೀನಿ ಅಂತಲ್ಲ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕಳಸಾ-ಬಂಡೂರಿಗೆ ಕೊಟ್ಟಿದ್ದು 3.9 ಟಿಎಂಸಿ. ಅದಕ್ಕಾಗಿ ನಾಳೆ ಮೆರವಣಿಗೆ ಹೊರಟರೆ ನಾನೂ ಬರ್ತೀನಿ. ಆದ್ರೆ ಬೇಡ್ತಿ-ವರದಾ ಜೋಡಣೆ ಅಂತ ಸುದ್ದಿ ಬಂದಾಗಲೆಲ್ಲ ಆ ಬುಟ್ಟಿ ಹಿಡಿದ ಹೆಂಗಸರು ಕಣ್ಣ ಮುಂದೆ ಬರ್ತಾರೆ. ಇನ್ನೊಬ್ಬರ ಹೊಲದ ನೀರನ್ನ ವ್ಯರ್ಥ ಅಂತ ಕರೆದು ಕೇಳೋದು ಹ್ಯಾಗೆ?

ಅಂದ ಹಾಗೆ ಅದೇ ದಿನ ರಾಮ್ಸಾರ್ ಪಟ್ಟಿ ಸೇರಿದ ಇನ್ನೊಂದು ಜಾಗ ಗದಗ ಜಿಲ್ಲೆಯ ಮಾಗಡಿ ಕೆರೆ. ನಮ್ಮೂರಿಂದ ದೂರ ಇಲ್ಲ, ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಬರೋ ಕೆರೆ. ಮುಂದಿನ ರಜೆಗೆ ಅಲ್ಲಿಗೆ ಹೋಗೋಣ ಅಂತ ಅಪ್ಪನೇ ಹೇಳಿದ್ದಾರೆ. ಆ ರಟ್ಟು ಇನ್ನೂ ನಮ್ಮನೆ ಅಟ್ಟದ ಮೇಲೇ ಇದೆ. ಬೇರೆ ಏನು ಬರೀಬೇಕು ಅಂತ ಯೋಚಿಸ್ತಿದ್ದೀನಿ. ನಿಮಗೇನಾದ್ರೂ ಹೊಳೆದ್ರೆ ಹೇಳಿ.