ಕಂಡಿದ್ದನ್ನ ಹೇಳೋದು



ಡಿಸೆಂಬರ್ ಎರಡನೇ ವಾರ. ಹುಣಸೂರಲ್ಲಿ ಮೀಟಿಂಗ್ ಮುಗಿಸಿ ಬೈಕಲ್ಲಿ ಎಚ್.ಡಿ.ಕೋಟೆ ಕಡೆ ಬರ್ತಿದ್ದೆ. ರಾತ್ರಿ ಹನ್ನೊಂದು ದಾಟಿತ್ತು. ಇದ್ದಕ್ಕಿದ್ದಂಗೆ ರಸ್ತೆ, ಹೊಲ ಎಲ್ಲಾ ಬೆಳ್ಳಗಾಯ್ತು. ತಲೆ ಎತ್ತಿದ್ರೆ ದೊಡ್ಡ ಉಲ್ಕೆ, ಎಡದಿಂದ ಬಲಕ್ಕೆ ಉರ್ಕೊಂಡು ಹೋಗಿ ಆರಿತು. ಸದ್ದಿಲ್ಲ.

ಚಿಕ್ಕಂದಿನಲ್ಲಿ ಅವ್ವ ಹೇಳ್ತಿದ್ಲು, "ಚುಕ್ಕಿ ಬಿದ್ದಿದ್ದು ಕಂಡ್ರೆ ಯಾರಿಗೂ ಹೇಳ್ಬಾರದು ಮಗಾ." ನಮ್ಮ ಕೇರೀಲಿ ಆ ಮಾತು ಚುಕ್ಕಿಗೆ ಮಾತ್ರ ಇರಲಿಲ್ಲ. ಅಪ್ಪ ಒಂದ್ಸಲ ಕಣ್ಣಾರೆ ಕಂಡ ಹಲ್ಲೆಗೆ ಸಾಕ್ಷಿ ಹೇಳೋಕೆ ಹೋಗಿದ್ರು. ಬರ್ಕೊಂಡೋರು ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸ್ಕೊಂಡ್ರು. ಅಪ್ಪ ಹೇಳಿದ್ದೇ ಬೇರೆ, ಕಾಗದದಲ್ಲಿ ಇದ್ದಿದ್ದೇ ಬೇರೆ. ಈಗ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಪ್ರಕಾರ, ಬಾಯಲ್ಲಿ ಹೇಳಿದ ದೂರನ್ನ ಬರ್ಕೊಂಡ ಮೇಲೆ ಓದಿ ಹೇಳಿಯೇ ಸಹಿ ಹಾಕಿಸ್ಕೋಬೇಕು.

ಮನೆಗೆ ಬಂದು ಅಂತರರಾಷ್ಟ್ರೀಯ ಉಲ್ಕಾ ಸಂಸ್ಥೆಯ ಫಾರಂ ತೆಗೆದೆ. ಶುಕ್ರ ಗ್ರಹಕ್ಕಿಂತ ಹೆಚ್ಚು ಹೊಳೆಯೋ ಉಲ್ಕೆ ಕಂಡ್ರೆ ಯಾರು ಬೇಕಾದ್ರೂ ತುಂಬಬಹುದು. ಎಲ್ಲಿ ನಿಂತಿದ್ರಿ, ಯಾವ ದಿಕ್ಕಿಗೆ ಮುಖ, ಎಷ್ಟು ಎತ್ತರದಲ್ಲಿ ಶುರುವಾಗಿ ಎಲ್ಲಿ ಆರಿತು, ಎಷ್ಟು ಸೆಕೆಂಡು, ಯಾವ ಬಣ್ಣ. ನಾವು ಹಲ್ಲೆ ಪ್ರಕರಣದಲ್ಲಿ ಕೇಳೋ ಪ್ರಶ್ನೆಗಳೇ. ಜಾತಿ ಕಾಲಂ ಇಲ್ಲ.

ಒಬ್ಬರ ಮಾತಲ್ಲಿ ದಾರಿ ಸಿಗಲ್ಲ. ಉಲ್ಕೆ ಉರಿಯೋದು ನೆಲದಿಂದ ಸುಮಾರು 80-100 ಕಿ.ಮೀ. ಮೇಲೆ. ಪಿರಿಯಾಪಟ್ಟಣದವರಿಗೆ ಪೂರ್ವಕ್ಕೆ ಕಂಡಿದ್ದು ಕೆ.ಆರ್.ನಗರದವರಿಗೆ ದಕ್ಷಿಣಕ್ಕೆ ಕಾಣುತ್ತೆ. ಆ ಗೆರೆಗಳು ಕೂಡೋ ಕಡೆ ನಿಜ ಇರುತ್ತೆ. ಹಿಂಗೆ ಯಾರೋ ಕಂಡು ಹೇಳಿದ್ದಕ್ಕೇ 1865ರಲ್ಲಿ ಮೈಸೂರು ಸಂಸ್ಥಾನದಲ್ಲಿ ಬಿದ್ದ ಕಲ್ಲೊಂದು 'ಮುದ್ದೂರ್' ಅನ್ನೋ ಹೆಸರಲ್ಲಿ ಜಗತ್ತಿನ ಉಲ್ಕಾಶಿಲೆಗಳ ಪಟ್ಟೀಲಿ ಇವತ್ತಿಗೂ ಇದೆ.

ಬೆಳಿಗ್ಗೆ ನಾಲ್ಕೂ ತಾಲ್ಲೂಕಿನ ಸಂಗಾತಿಗಳಿಗೆ ಫೋನ್ ಮಾಡ್ದೆ. ಕೆ.ಆರ್.ನಗರದ ಒಬ್ಬ ಹುಡುಗ ಕಂಡಿದ್ದ. ಕೋಟೆ ಹತ್ರ ಆನೆ ಕಾಯೋಕೆ ಹೊಲದಲ್ಲಿದ್ದ ಒಬ್ಬ ಅಕ್ಕನೂ ಕಂಡಿದ್ರು. "ನಾನು ಹೇಳಿದ್ರೆ ಯಾರು ನಂಬ್ತಾರಣ್ಣ?" ಅಂದ್ರು. ಅವರು ಹೇಳ್ತಾ ಹೋದ್ರು, ನಾನು ತುಂಬ್ತಾ ಹೋದೆ. ಕಳಿಸೋ ಮುಂಚೆ ಒಂದೊಂದೇ ಸಾಲು ಓದಿ ಹೇಳ್ದೆ.

"ಮೂರು ಸೆಕೆಂಡಲ್ಲ ಅಣ್ಣ, ಎರಡೇ. ತಿದ್ದು" ಅಂದ್ರು.

ತಿದ್ದಿದೆ.

ಪ್ರತಿ ವರ್ಷ ಡಿಸೆಂಬರ್ 13-14ರ ರಾತ್ರಿ ಮಿಥುನ ರಾಶಿ ಕಡೆಯಿಂದ ಉಲ್ಕೆಗಳು ಹೆಚ್ಚಾಗಿ ಬೀಳ್ತವೆ. ನೋಡಿ. ಕಂಡ್ರೆ ಟೈಮು, ದಿಕ್ಕು ಬರ್ಕೊಳ್ಳಿ. ಅವ್ವಂದಿರಿಗೂ ಕೇಳಿ ಬರ್ಕೊಳ್ಳಿ. ಬರೆದಿದ್ದನ್ನ ಅವರಿಗೆ ಓದಿ ಹೇಳಿ.