ಎಂಟು ಮಿಲಿಮೀಟರಿನ ಬೋಲ್ಟು

ಪೇಟೆಯಿಂದ ಮಾಗಡಿ ರಸ್ತೆಯನ್ನು ಹಿಡಿದು ಪಶ್ಚಿಮಾಭಿಮುಖವಾಗಿ ನಡೆದರೆ, ಎಡಗಡೆಯ ವಿಜಯನಗರವನ್ನೂ ಬಲಗಡೆಯ ಬಸವೇಶ್ವರನಗರವನ್ನೂ ದಾಟುವ ಹೊತ್ತಿಗೆ ಕಾಮಾಕ್ಷಿಪಾಳ್ಯ ಬರುತ್ತದೆ. ಇಲ್ಲಿ ಬೆಳಗಾಯಿತೆಂಬುದು ಕೋಳಿಯ ಕೂಗಿನಿಂದಲ್ಲ, ಲೇತಿನ ಸದ್ದಿನಿಂದ ತಿಳಿಯುತ್ತದೆ. ಗಾಣದ ಎತ್ತು ತಿರುಗುವಷ್ಟು ಮಾತ್ರ ಅಗಲವಾದ ಒಂದೊಂದು ಕೋಣೆಯಲ್ಲಿ ಒಂದೊಂದು ಯಂತ್ರ; ಅದರ ಮುಂದೆ ಎಣ್ಣೆಯಲ್ಲಿ ತೊಯ್ದ ಅಂಗಿಯ ಒಬ್ಬ ಮನುಷ್ಯ. ಇಂಥದೊಂದು ಕೋಣೆಯ ಮುಂದೆ ಕೆಲವು ವರ್ಷಗಳ ಕಾಲ, ಭಾನುವಾರ ಭಾನುವಾರ, ತಗ್ಗಾದ ಮೈಯೂ ಕಡ್ಡಿಚಕ್ರಗಳೂ ಉಳ್ಳ ಎರಡೇ ಆಸನದ ಹಳೆಯ ಮೋಟಾರು ಬಂಡಿಯೊಂದು ನಿಂತಿರುತ್ತಿದ್ದುದನ್ನು ಆ ಬೀದಿಯವರು ಕಂಡಿದ್ದಾರೆ. ಮಕ್ಕಳು ಅದಕ್ಕೆ ‘ಸಿನಿಮಾ ಕಾರು’ ಎಂದು ಹೆಸರಿಟ್ಟಿದ್ದರು.

ಅದು ಎಂ.ಜಿ. ಸಂಸ್ಥೆಯ ಟಿ.ಸಿ. ಎಂಬ ಮಾದರಿ. ಇಂಗ್ಲೆಂಡಿನ ಆಬಿಂಗ್‌ಡನ್ ಎಂಬ ಊರಿನಲ್ಲಿ 1945ರಿಂದ 1949ರ ವರೆಗೆ ಈ ಬಂಡಿಗಳು ತಯಾರಾದುವು. ಒಟ್ಟು ಸುಮಾರು ಹತ್ತು ಸಾವಿರ. ಬಸವೇಶ್ವರನಗರದ ಯಜಮಾನರೊಬ್ಬರ ಬಳಿಯಿದ್ದ ಈ ಬಂಡಿ ಕೊನೆಯ ವರ್ಷದ್ದು. ರಾಜಾಜಿನಗರವೆಂಬ ಬಡಾವಣೆ ಆರಂಭವಾದುದೂ ಆ 1949ರಲ್ಲಿಯೇ. ಆದಕಾರಣ ಅವರು ‘ನಮ್ಮ ಬಂಡಿಗೂ ರಾಜಾಜಿನಗರಕ್ಕೂ ಒಂದೇ ಜಾತಕ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಬಂಡಿಯನ್ನು ಕೊಂಡವರು ಅವರ ತಂದೆ. ತಂದೆಯವರು ಗತಿಸಿದ ಮೇಲೆ ಅದು ಹಲವು ವರ್ಷ ಹಿತ್ತಿಲ ತಗಡಿನ ಮಾಡಿನ ಕೆಳಗೆ ಸೌದೆಯ ಜೊತೆಗೆ ಬಿದ್ದಿತ್ತು. ಯಜಮಾನರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದಾಗ, ಮೊದಲು ನೋಡಿದ್ದು ಆ ಮಾಡಿನ ಕಡೆಗೆ.

ಟಿ.ಸಿ. ಬಂಡಿಯಲ್ಲಿ ಐಷಾರಾಮವೇನೂ ಇಲ್ಲ. ಮೈಯ ಚೌಕಟ್ಟು ಆ್ಯಷ್ ಎಂಬ ಸೀಮೆಯ ಮರದ್ದು. ಅದರ ಮೇಲೆ ತಗಡು ಹೊದಿಸಿದೆ. ಇಂಜಿನಿನ ಗಾತ್ರ 1250 ಸಿ.ಸಿ.; ಬಲ 54 ಕುದುರೆಗಳದು. ಇಂದಿನ ಅತಿ ಸಣ್ಣ ಸಂಸಾರದ ಕಾರು ಕೂಡ ಇದನ್ನು ಹಿಂದೆ ಹಾಕುತ್ತದೆ. ಆದರೂ ಓಟದ ಚರಿತ್ರೆಯಲ್ಲಿ ಇದಕ್ಕೊಂದು ಸ್ಥಾನವುಂಟು. ಅಮೆರಿಕದಲ್ಲಿ ಯುದ್ಧಾನಂತರ ಹುಟ್ಟಿದ ರಸ್ತೆಯ ಓಟಗಳಿಗೆ ಎಷ್ಟೋ ತರುಣರು ಕಾಲಿಟ್ಟಿದ್ದು ಈ ಬಂಡಿಯಲ್ಲಿ ಕುಳಿತೇ. 1961ರಲ್ಲಿ ಜಗತ್ತಿನ ಅಗ್ರ ಸಾರಥಿಯೆನಿಸಿದ ಫಿಲ್ ಹಿಲ್ ಎಂಬವನು ಮೊದಲು ಪಂದ್ಯಕ್ಕಿಳಿದದ್ದೂ ಟಿ.ಸಿ.ಯಲ್ಲಿಯೇ. ನಮ್ಮ ಕಡೆಯವರಿಗೆ ಓಟವೆಂದರೆ ಮದರಾಸಿನ ಹೊರಗಿನ ಶೋಳಾವರಂ. ಯುದ್ಧಕಾಲದಲ್ಲಿ ವಿಮಾನಗಳಿಗಾಗಿ ಹಾಸಿದ್ದ ನೆಲದ ಮೇಲೆ 1950ರ ದಶಕದಲ್ಲಿ ಕಾರುಗಳು ಓಡತೊಡಗಿದುವು. 1990ರಲ್ಲಿ ಇರುಂಗಾಟುಕೋಟೆಯ ಹೊಸ ಪಥ ಬರುವ ವರೆಗೆ ದಕ್ಷಿಣದ ಜನಕ್ಕೆ ಅದೇ ಕುರುಕ್ಷೇತ್ರ. ಯಜಮಾನರ ತಂದೆ ಒಂದು ಸಲ ಈ ಬಂಡಿಯಲ್ಲಿಯೇ ಕೋಲಾರ, ಚಿತ್ತೂರುಗಳ ಮಾರ್ಗವಾಗಿ ಅಲ್ಲಿಗೆ ಹೋಗಿ, ಪಂದ್ಯದಲ್ಲಿ ಸೇರದೆ ಬೇಲಿಯ ಹೊರಗೆ ನಿಂತು ನೋಡಿ ಬಂದರು. ‘ಸೇರಬಹುದಿತ್ತು’ ಎಂಬ ಮಾತನ್ನು ಅವರು ಕೊನೆಯ ವರೆಗೂ ಬಿಡಲಿಲ್ಲವಂತೆ.

ಬಂಡಿಯನ್ನು ಎಬ್ಬಿಸುವ ಕೆಲಸ ಕಾಮಾಕ್ಷಿಪಾಳ್ಯದ ಮೇಸ್ತ್ರಿಯ ಪಾಲಿಗೆ ಬಂದಿತು. ಮರವೆಲ್ಲ ಗೆದ್ದಲಿಗೆ ಆಹಾರವಾಗಿತ್ತು. ಸೀಮೆಯ ಮರ ದೊರೆಯದೆ ವಿಜಯನಗರದ ಬಡಗಿಯೊಬ್ಬನು ತೇಗದಿಂದ ಚೌಕಟ್ಟನ್ನು ಕಟ್ಟಿಕೊಟ್ಟನು. ಅದು ಸುಲಭವಾದ ಭಾಗ. ತೊಡಕಾದದ್ದು ಇಂಜಿನಿನ ಮುಂಭಾಗದ ಆರು ಬೋಲ್ಟುಗಳು. ಇಂಗ್ಲಿಷರು ಆ ಕಾಲದಲ್ಲಿ ಅಂಗುಲದ ಲೆಕ್ಕದವರು. ಹಾಗಿದ್ದೂ ಈ ಇಂಜಿನಿನ ಥ್ರೆಡ್ಡುಗಳು ಮಿಲಿಮೀಟರಿನವು. ಕಾರಣವು ವಿನೋದವಾಗಿದೆ. ಮೊದಲ ಮಹಾಯುದ್ಧದಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಕೋವಿಯ ಕಂಪೆನಿ ಇಂಗ್ಲೆಂಡಿನ ಕವೆಂಟ್ರಿಗೆ ಬಂದು ಕಾರ್ಖಾನೆ ಹೂಡಿತು. 1923ರಲ್ಲಿ ಮಾರಿಸ್ ಎಂಬ ಮೋಟಾರು ತಯಾರಕನು ಅದನ್ನು ಕೊಂಡುಕೊಂಡನು. ಯಂತ್ರಗಳೆಲ್ಲ ಫ್ರೆಂಚ್ ಅಳತೆಯವು. ಅವನ್ನು ಬದಲಾಯಿಸುವುದು ದುಬಾರಿ. ಆದುದರಿಂದ ಬೋಲ್ಟಿನ ಮೈಗೆ ಫ್ರೆಂಚ್ ಥ್ರೆಡ್ಡನ್ನೇ ಉಳಿಸಿಕೊಂಡು, ಗಿರಾಕಿಗಳ ಸ್ಪ್ಯಾನರು ಹಿಡಿಯಲೆಂದು ತಲೆಯನ್ನು ಮಾತ್ರ ವಿಟ್‌ವರ್ತ್ ಎಂಬ ಇಂಗ್ಲಿಷ್ ಅಳತೆಗೆ ಮಾಡಿದರು. ಆ ಸಂಪ್ರದಾಯವೇ ಎಂ.ಜಿ. ಇಂಜಿನಿಗೂ ಇಳಿದು ಬಂದಿತು. ಇಂದಿನ ಸಾಧಾರಣ ಎಂಟು ಮಿಲಿಮೀಟರಿನ ಬೋಲ್ಟಿನಲ್ಲಿ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ 1.25 ಮಿಲಿಮೀಟರು, ಇದರಲ್ಲಿ ಒಂದೇ ಮಿಲಿಮೀಟರು. ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದರೂ ಅಂಥ ಮೈಗೆ ಇಂಥ ತಲೆಯ ಬೋಲ್ಟು ಸಿಕ್ಕಲಿಲ್ಲ.

‘ತಲೆ ಒಂದು ದೇಶದ್ದು, ಮೈ ಇನ್ನೊಂದು ದೇಶದ್ದು. ಇಂಥಾದ್ದು ಮಾಡೋರೂ ಇದ್ದರಾ ಸಾರ್!’ ಎಂದು ಮೇಸ್ತ್ರಿ ನಕ್ಕನು. ಅವನ ಲೇತು ಅಂಗುಲದ ಲೆಕ್ಕದ್ದು. ಅದರಲ್ಲಿ ಮಿಲಿಮೀಟರಿನ ಥ್ರೆಡ್ಡನ್ನು ಕರಾರುವಾಕ್ಕಾಗಿ ಕೊಯ್ಯಬೇಕಾದರೆ 127 ಹಲ್ಲುಗಳ ಚಕ್ರವೊಂದು ಬೇಕು. ಒಂದಂಗುಲಕ್ಕೆ 25.4 ಮಿಲಿಮೀಟರು, ಐದಂಗುಲಕ್ಕೆ ಸರಿಯಾಗಿ 127. ಈ ಗಣಿತವನ್ನು ಮೇಸ್ತ್ರಿ ಶಾಲೆಯಲ್ಲಿ ಕಲಿತವನಲ್ಲ. ತನ್ನ ಗುರು ಹೇಳಿದ ಸಂಖ್ಯೆಯನ್ನು ಮಂತ್ರದಂತೆ ನೆನಪಿನಲ್ಲಿಟ್ಟುಕೊಂಡಿದ್ದನು. ಗುಜರಿಯಲ್ಲಿ ಮೂರು ತಿಂಗಳು ಹುಡುಕಿ ಆ ಚಕ್ರವನ್ನು ಸಂಪಾದಿಸಿದನು. ಆರು ಬೋಲ್ಟುಗಳಿಗಾಗಿ ಹದಿನಾಲ್ಕನ್ನು ಮಾಡಿ ಎಂಟನ್ನು ಬಿಸಾಡಿದನು. ಉಳಿದವನ್ನು ಕಾಯಿಸಿ, ಸುಟ್ಟ ಇಂಜಿನ್ ಎಣ್ಣೆಯಲ್ಲಿ ಅದ್ದಿ, ಎಪ್ಪತ್ತು ವರ್ಷದ ಕಬ್ಬಿಣಕ್ಕೆ ಬರಬೇಕಾದ ಕಪ್ಪನ್ನು ಬರಿಸಿದನು.

ಇಷ್ಟೆಲ್ಲ ಓಟಕ್ಕಾಗಿಯೇ ಎಂದು ವಾಚಕರು ತಿಳಿದರೆ ತಪ್ಪು. ಹಳೆಯ ಓಟದ ಬಂಡಿಗಳ ವಿಧಿಯೇ ವಿಚಿತ್ರವಾಗಿದೆ: ಅವು ಹುಟ್ಟಿದ್ದು ಓಡಲಿಕ್ಕೆ, ಈಗ ಬಹುಮಾನ ಪಡೆಯುವುದು ನಿಂತುಕೊಂಡು. ಇಟಲಿಯಲ್ಲಿ 1927ರಲ್ಲಿ ಆರಂಭವಾದ ಮಿಲೆ ಮಿಲಿಯ ಎಂಬ ಸಾವಿರ ಮೈಲಿಯ ಪಂದ್ಯದಲ್ಲಿ, 1955ರಲ್ಲಿ ಸ್ಟರ್ಲಿಂಗ್ ಮಾಸ್ ಎಂಬ ಇಂಗ್ಲಿಷ್ ತರುಣನು ಮರ್ಸಿಡಿಸ್ ಬಂಡಿಯಲ್ಲಿ ಊರುಕೇರಿಗಳ ನಡುವೆ ಹತ್ತು ಗಂಟೆ ಏಳು ನಿಮಿಷ ನಲವತ್ತೆಂಟು ಸೆಕೆಂಡಿನಲ್ಲಿ ದಾರಿಯನ್ನು ಮುಗಿಸಿದನು. ಎರಡೇ ವರ್ಷಕ್ಕೆ, 1957ರಲ್ಲಿ, ಟೈರು ಒಡೆದ ಒಂದು ಬಂಡಿ ಜನರ ಮೇಲೆ ಹಾಯ್ದು ಒಂಬತ್ತು ಮಂದಿ ನೋಡುಗರು ಸತ್ತರು. ಅವರಲ್ಲಿ ಐವರು ಮಕ್ಕಳು. ಪಂದ್ಯ ಅಲ್ಲಿಗೆ ಮುಗಿಯಿತು. 1977ರಲ್ಲಿ ಅದೇ ಹೆಸರಿನಿಂದ ಮತ್ತೆ ಹುಟ್ಟಿದ್ದು ಹಳೆಯ ಬಂಡಿಗಳ ಸವಾರಿ. ಅದರಲ್ಲಿ ವೇಗಕ್ಕೆ ಬೆಲೆಯಿಲ್ಲ, ಹೊತ್ತಿಗೆ ಸರಿಯಾಗಿ ಬರುವುದಕ್ಕೆ ಬೆಲೆ. ಅಮೆರಿಕದ ಪೆಬಲ್ ಬೀಚಿನಲ್ಲಿ 1950ರಲ್ಲಿ ಓಟವೂ ಪ್ರದರ್ಶನವೂ ಕೂಡಿಯೇ ಆರಂಭವಾದುವು. 1956ರಲ್ಲಿ ಸಾರಥಿಯೊಬ್ಬನು ಮರಕ್ಕೆ ಬಡಿದು ಸತ್ತ ಮೇಲೆ ಓಟ ಆ ಕಾಡನ್ನು ಬಿಟ್ಟುಹೋಯಿತು. ಪ್ರದರ್ಶನ ಉಳಿದು ಬೆಳೆಯಿತು. ಭಾರತದಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯವರು 1964ರಿಂದ ದೆಹಲಿಯಲ್ಲಿ ಹಳೆಯ ಬಂಡಿಗಳ ಮೇಳವನ್ನು ನಡೆಸಿದರು. ಕನ್ನಡ ನಾಡಿನಲ್ಲಿ ಅಂಥ ಬಂಡಿಗಳನ್ನು ನೋಡಬಯಸುವವರಿಗೆ ಧರ್ಮಸ್ಥಳದ ಸಂಗ್ರಹವುಂಟು. 2021ರಲ್ಲಿ ಕೇಂದ್ರ ಸರ್ಕಾರವೂ ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ಬಂಡಿಗಳಿಗೆ ಪ್ರತ್ಯೇಕ ನಿಯಮಗಳನ್ನು ಮಾಡಿತು: ಹೊಸದಾಗಿ ನೋಂದಾಯಿಸಲು ಇಪ್ಪತ್ತು ಸಾವಿರ ರೂಪಾಯಿ, ‘ವಿ.ಎ.’ ಅಕ್ಷರಗಳ ಫಲಕ. ಪ್ರದರ್ಶನ, ಸವಾರಿ, ದುರಸ್ತಿ ಮುಂತಾದವುಗಳಿಗಲ್ಲದೆ ನಿತ್ಯದ ಓಡಾಟಕ್ಕೆ ತೆಗೆಯಕೂಡದು. ಮೊದಲೇ ನೋಂದಣಿಯಾದ ಬಂಡಿ ತನ್ನ ಹಳೆಯ ಸಂಖ್ಯೆಯನ್ನು ಇಟ್ಟುಕೊಳ್ಳಬಹುದು. ಯಜಮಾನರು ತಂದೆಯ ಕಾಲದ ‘ಎಂ.ವೈ.ಬಿ.’ ಫಲಕಕ್ಕೆ ಹೊಸ ಬಣ್ಣ ಹಚ್ಚಿಸಿ ನಿಶ್ಚಿಂತರಾದರು.

ಬಂಡಿ ಸಿದ್ಧವಾದ ವರ್ಷವೇ ನಗರದ ಒಂದು ಪ್ರದರ್ಶನಕ್ಕೆ ಹೋಯಿತು. ಮೇಸ್ತ್ರಿಯೂ ಒಗೆದ ಅಂಗಿಯನ್ನು ಹಾಕಿಕೊಂಡು, ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದನು. ಹಗ್ಗದ ಒಳಗೆ ಬಂಡಿಗಳು ಮತ್ತು ಅವುಗಳ ಒಡೆಯರು, ಹೊರಗೆ ಜನ. ಮೇಸ್ತ್ರಿ ಹೊರಗೆ ನಿಂತನು. ಅವನನ್ನು ಒಳಗೆ ಕರೆಯಬೇಕೆಂದು ಯಜಮಾನರಿಗೆ ಆ ಸಂಭ್ರಮದಲ್ಲಿ ಹೊಳೆಯಲಿಲ್ಲ.

ಪರೀಕ್ಷಕರು ಬಂದರು. ತೇಗದ ಚೌಕಟ್ಟನ್ನು ಬೆರಳಿನಿಂದ ತಟ್ಟಿ ಅಂಕ ಕಳೆದರು. ಇಂಜಿನಿನ ಮುಚ್ಚಳವನ್ನು ಎತ್ತಿಸಿದರು. ಅವರಲ್ಲಿ ಹಿರಿಯನೊಬ್ಬನು ಬಗ್ಗಿ ಮುಂಭಾಗವನ್ನು ನೋಡಿ, ಜೇಬಿನಿಂದ ವಿಟ್‌ವರ್ತ್ ಸ್ಪ್ಯಾನರೊಂದನ್ನು ತೆಗೆದು ಒಂದು ತಲೆಗೆ ಹೊಂದಿಸಿ, ಸಂತೋಷದಿಂದ, ‘ಮೂಲದ ಬೋಲ್ಟುಗಳೇ ಉಳಿದಿವೆಯಲ್ಲ! ಇದು ಬಹು ಅಪೂರ್ವ’ ಎಂದನು. ಯಜಮಾನರು ಒಂದು ಕ್ಷಣ ಸುಮ್ಮನಿದ್ದರು. ಅನಂತರ, ‘ಹೌದು, ನಮ್ಮ ತಂದೆಯವರ ಕಾಲದವೇ’ ಎಂದರು.

ಮನುಷ್ಯನು ದೊಡ್ಡ ಸುಳ್ಳುಗಳಿಗೆ ಸಿದ್ಧತೆ ಮಾಡಿಕೊಳ್ಳುತ್ತಾನೆ. ಇಂಥವು ಬಾಯಿಗೆ ತಾವೇ ಬರುತ್ತವೆ. ಹಗ್ಗಕ್ಕೂ ಬಂಡಿಗೂ ನಡುವೆ ಐದಾರು ಅಡಿಯ ಅಂತರವೂ ಇರಲಿಲ್ಲ. ಯಜಮಾನರು ತಿರುಗಿ ನೋಡಿದಾಗ ಮೇಸ್ತ್ರಿ ಮೊಮ್ಮಗಳಿಗೆ ಪಕ್ಕದ ಬಂಡಿಯ ದೀಪವನ್ನು ತೋರಿಸುತ್ತಿದ್ದನು. ಸಂಜೆ ಎರಡನೆಯ ಬಹುಮಾನದ ಬೆಳ್ಳಿಯ ಬಟ್ಟಲು ಮನೆಗೆ ಬಂದಿತು.

ಮೂರು ರಾತ್ರಿ ಯಜಮಾನರಿಗೆ ನಿದ್ರೆ ಬರಲಿಲ್ಲ. ನಾಲ್ಕನೆಯ ದಿನ ಅವರು ನಡೆದುದನ್ನೆಲ್ಲ ಒಂದು ಕಾಗದದಲ್ಲಿ ಬರೆದು, ಬೋಲ್ಟುಗಳನ್ನು ಮಾಡಿದವನ ಹೆಸರನ್ನೂ ಸ್ಪಷ್ಟವಾಗಿ ನಮೂದಿಸಿ, ಬಟ್ಟಲನ್ನು ಕಟ್ಟಿ ಹಿಂದಕ್ಕೆ ಕಳುಹಿಸಿದರು. ಮನಸ್ಸು ಹಗುರವಾಯಿತು. ಆ ಹಗುರಾದ ಮನಸ್ಸಿನಿಂದಲೇ ಕಾಮಾಕ್ಷಿಪಾಳ್ಯಕ್ಕೆ ಹೋಗಿ, ‘ಮೇಸ್ತ್ರಿಗಳೇ, ತಪ್ಪಾಯಿತು. ಬಟ್ಟಲು ವಾಪಸ್ಸು ಕಳುಹಿಸಿಬಿಟ್ಟೆ’ ಎಂದರು.

ಮೇಸ್ತ್ರಿ ಲೇತನ್ನು ನಿಲ್ಲಿಸಿದನು. ಅವನ ಮುಖದಲ್ಲಿ ಕಂಡದ್ದು ಸಮಾಧಾನವಲ್ಲ.

‘ಯಾಕೆ ಕಳಿಸಿದ್ರಿ ಸಾರ್? ಸೀಮೆಯಿಂದ ಬಂದದ್ದು ಅಂತ ಅವರು ಸ್ಪ್ಯಾನರು ಹಾಕಿ ನೋಡಿ ಒಪ್ಪಿದ್ರಲ್ಲ! ನಲವತ್ತು ವರ್ಷದಲ್ಲಿ ನನ್ನ ಕೆಲಸಕ್ಕೆ ಅಂಥಾ ಸರ್ಟಿಫಿಕೇಟು ಯಾರೂ ಕೊಟ್ಟಿಲ್ಲ. ನೀವು ಹೌದು ಅಂದಾಗ ನನ್ನ ಮೊಮ್ಮಗಳ ಕೈ ಹಿಸುಕಿದೆ. ಈಗ ನೀವೇ ಕಾಗದ ಬರೆದು, ಅದು ಡೂಪ್ಲಿಕೇಟು ಅಂತ ಹೇಳಿಬಿಟ್ರಿ. ನನ್ನನ್ನ ಒಂದು ಮಾತು ಕೇಳಬಹುದಿತ್ತು.’

ಯಜಮಾನರ ಬಾಯಲ್ಲಿ ಮಾತು ಹೊರಡಲಿಲ್ಲ. ಅವರು ಸುಳ್ಳು ಹೇಳುವಾಗ ಮೇಸ್ತ್ರಿಯನ್ನು ಕೇಳಿರಲಿಲ್ಲ. ನಿಜ ಹೇಳುವಾಗಲೂ ಕೇಳಿರಲಿಲ್ಲ.

ಎರಡು ಭಾನುವಾರ ಬಂಡಿ ಆ ಬೀದಿಗೆ ಬರಲಿಲ್ಲ. ಮೂರನೆಯ ಭಾನುವಾರ ಇನ್ನೂ ಕತ್ತಲಿರುವಾಗ ಬಂದು ನಿಂತಿತು. ಯಜಮಾನರು ಎಡಗಡೆಯ ಆಸನದಲ್ಲಿ ಕುಳಿತಿದ್ದರು. ಚಕ್ರದ ಮುಂದಿನ ಬಲಗಡೆಯ ಆಸನ ಖಾಲಿಯಾಗಿತ್ತು. ಅಷ್ಟು ವರ್ಷ ಬಂಡಿಯ ಕರುಳನ್ನೆಲ್ಲ ಬಲ್ಲ ಮೇಸ್ತ್ರಿ ಅದನ್ನು ಬೀದಿಯ ತುದಿಯಿಂದ ಆಚೆಗೆ ಓಡಿಸಿದವನಲ್ಲ. ಏನೂ ಮಾತಿಲ್ಲದೆ ಕೈ ಒರೆಸಿಕೊಂಡು ಹತ್ತಿದನು. ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆಯನ್ನು ಸೇರಿ, ಮೆಟ್ರೋ ಕಂಬಗಳ ಕೆಳಗೆ, ವೃಷಭಾವತಿಯ ನಾತವನ್ನು ದಾಟಿಕೊಂಡು ಅವರು ಕೆಂಗೇರಿಯ ಕಡೆಗೆ ಹೋದರು. ಆ ಹೊತ್ತಿನಲ್ಲಿ ರಸ್ತೆ ತೆರವಾಗಿತ್ತು. ಕೆಂಗೇರಿ ದಾಟಿದ ಮೇಲೆ ಮೇಸ್ತ್ರಿ ಗಾಳಿಯ ಕನ್ನಡಿಯನ್ನು ಮುಂದಕ್ಕೆ ಮಡಿಸಿ ಮಲಗಿಸಿದನು, ಟಿ.ಸಿ. ಬಂಡಿಗೆ ಆ ಸೌಕರ್ಯವಿರುವುದು ಓಟಕ್ಕಾಗಿಯೇ. ವೇಗದ ಮುಳ್ಳು ಐವತ್ತು ಮೈಲಿಯನ್ನು ದಾಟಿತು. ಯಜಮಾನರು ಎರಡು ಕೈಗಳಿಂದಲೂ ಬಾಗಿಲನ್ನು ಹಿಡಿದುಕೊಂಡರು.

‘ಮೂರನೇ ಟ್ಯಾಪೆಟ್ಟು ಸ್ವಲ್ಪ ಮಾತಾಡ್ತಾ ಇದೆ, ಕೇಳಿಸ್ತಾ ಸಾರ್?’ ಎಂದು ಮೇಸ್ತ್ರಿ ಗಾಳಿಗೆ ಎದುರಾಗಿ ಕೂಗಿದನು.

ಯಜಮಾನರಿಗೆ ಏನೂ ಕೇಳಿಸಲಿಲ್ಲ. ‘ಇಲ್ಲ ಮೇಸ್ತ್ರಿಗಳೇ’ ಎಂದರು.