ಸವದತ್ತಿ ಅಂದರೆ ಬರೀ ಗುಡ್ಡ ಅಲ್ಲ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕು ತಾಲ್ಲೂಕುಗಳ ಸುದ್ದಿ ಕಳಿಸುವವನಿಗೆ ವರ್ಷದ ಲೆಕ್ಕ ಬಾಯಿಪಾಠವಾಗಿರುತ್ತದೆ. ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವ. ಚಳಿಗಾಲದಲ್ಲಿ ಹುಣ್ಣಿಮೆಗೊಮ್ಮೆ ಸವದತ್ತಿ. ಸವದತ್ತಿ ಸುದ್ದಿಯಲ್ಲಿ ಲಕ್ಷಾಂತರ ಭಕ್ತರು, ಭಂಡಾರದ ಹಳದಿ, ಉಧೋ ಉಧೋ ಇದ್ದರೆ ಸಾಕು. ಊರಿನ ಬಗ್ಗೆ ಡೆಸ್ಕಿನವರು ಕೇಳುವುದಿಲ್ಲ, ನಾವೂ ಬರೆಯುವುದಿಲ್ಲ.

ಆದರೆ ಊರು ಇದೆ. ಶಾಸನಗಳಲ್ಲಿ ಇದರ ಹೆಸರು ಸುಗಂಧವರ್ತಿ. ಕೂಂಡಿ ಮೂರು ಸಾವಿರ ನಾಡನ್ನು ಆಳಿದ ರಟ್ಟರ ರಾಜಧಾನಿ. ಇಲ್ಲಿನ ಬಸದಿಗೆ ಭೂಮಿ ಬಿಟ್ಟ 980ರ ಶಾಸನವಿದೆ. ಅಂಕೇಶ್ವರ, ಪುರದೇಶ್ವರ ಗುಡಿಗಳಿವೆ. 13ನೇ ಶತಮಾನದ ಆರಂಭದಲ್ಲಿ ರಟ್ಟರು ರಾಜಧಾನಿಯನ್ನು ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ ಒಯ್ದರು. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ ಅವರ ಕಾಲದ್ದೇ. ಜಿಲ್ಲಾಕೇಂದ್ರಕ್ಕೆ ಎಡತಾಕುವ ನಮ್ಮ ಚಾಳಿ ಎಂಟು ನೂರು ವರ್ಷ ಹಳೆಯದು ಅಂತ ಗೆಳೆಯರೊಂದಿಗೆ ನಗುತ್ತಿರುತ್ತೇನೆ. ಊರ ಮೇಲಿನ ಕೋಟೆ ಬಹಳ ಈಚಿನದು, 18ನೇ ಶತಮಾನದಲ್ಲಿ ಜಾಯಪ್ಪ ದೇಸಾಯಿ ಕಟ್ಟಿಸಿದ್ದು. ಜಾತ್ರೆಗೆ ಬಂದವರು ಅದನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಾರೆ.

ಹೋಗುವುದು ಯಲ್ಲಮ್ಮನ ಗುಡ್ಡಕ್ಕೆ. ಜೋಗುಳಬಾವಿಯಲ್ಲಿ ಮಿಂದು, ಸತ್ಯಮ್ಮನಿಗೆ ಕೈಮುಗಿದು ಮೇಲೆ ಹತ್ತುವುದು ಪದ್ಧತಿ. ಮೇಲೆ ಪಡ್ಡಲಗಿ ತುಂಬಿಸುತ್ತಾರೆ: ಹೋಳಿಗೆ, ಕಡುಬು, ರೊಟ್ಟಿ, ಬದನೆಕಾಯಿ ಪಲ್ಯ. ಜೋಗತಿಯರ ಚೌಡಿಕೆ ಸದ್ದಿಗೆ ಮಾತು ಕೇಳುವುದಿಲ್ಲ. ಇದೇ ಗುಡ್ಡದಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದರು. ಅದನ್ನು ನಿಷೇಧಿಸಿದ ರಾಜ್ಯದ ಕಾಯ್ದೆ 1982ರದು. ಜಾತ್ರೆಯ ವರದಿಗಳಲ್ಲಿ ಆ ಒಂದು ಸಾಲು ಈಗ ಬರುವುದೇ ಇಲ್ಲ. ಬರಬೇಕು ಅನ್ನುವವನು ನಾನು.

ನನಗೆ ಕಷ್ಟವಾಗುವುದು ಹುಣ್ಣಿಮೆಗಳ ಕ್ರಮ. ಕಾರ್ತವೀರ್ಯಾರ್ಜುನ ಜಮದಗ್ನಿಯನ್ನು ಕೊಂದಾಗ ಯಲ್ಲಮ್ಮ ಮುತ್ತೈದೆತನ ಕಳೆದುಕೊಂಡಳು ಎಂಬುದು ಕಥೆ. ಅದಕ್ಕೇ ಹೊಸ್ತಿಲ ಹುಣ್ಣಿಮೆಗೆ ದೇವಿಯ ಕಂಕಣ, ಮಾಂಗಲ್ಯ ತೆಗೆಯುತ್ತಾರೆ, ಬಂದ ಹೆಂಗಸರೂ ಬಳೆ ಒಡೆದುಕೊಳ್ಳುತ್ತಾರೆ. ನಡುವೆ ಬನದ ಹುಣ್ಣಿಮೆಯ ದೊಡ್ಡ ಜಾತ್ರೆ. ಆಮೇಲೆ ಭಾರತ ಹುಣ್ಣಿಮೆ. ಜಮದಗ್ನಿ ಮರಳಿ ಜೀವ ಪಡೆದ ಲೆಕ್ಕದಲ್ಲಿ ಅದೇ ಮುತ್ತೈದೆ ಹುಣ್ಣಿಮೆ. ಅವತ್ತು ಹಸಿರು ಬಳೆಯದೇ ಸಂತೆ. ದೇವಿಗೆ ಎರಡು ತಿಂಗಳ ವೈಧವ್ಯ.

ನಮ್ಮಪ್ಪ ತೀರಿಕೊಂಡಾಗ ನಾನು ಡಿಪ್ಲೊಮಾ ಓದುತ್ತಿದ್ದೆ. ಅವ್ವನ ಬಳೆ ಒಡೆದವರು ನಮ್ಮ ಓಣಿಯ ಹಿರಿಯ ಹೆಂಗಸರು, ವರ್ಷಾ ಗುಡ್ಡಕ್ಕೆ ಜೊತೆಗೆ ಹೋಗುತ್ತಿದ್ದವರೇ. ಅವ್ವ ಗುಡ್ಡ ಬಿಡಲಿಲ್ಲ. ಬನದ ಹುಣ್ಣಿಮೆಗೆ ಪಡ್ಡಲಗಿ ತುಂಬಿಸಿಯೇ ಬರುತ್ತಾಳೆ. ಶಕ್ತಿ ಯೋಜನೆ ಬಂದ ಮೇಲಂತೂ ಬಸ್ಸಿಗೆ ನನ್ನನ್ನು ದುಡ್ಡು ಕೇಳುವುದೂ ನಿಂತಿದೆ.

ಒಮ್ಮೆ ರೊಟ್ಟಿ ಬಡಿಯುವಾಗ ಕೇಳಿದೆ, ‘ಯಲ್ಲಮ್ಮಗ ಮತ್ತ ಬಳಿ ಬರ್ತಾವ, ನಿನಗ್ಯಾಕ ಬ್ಯಾಡ?’

‘ಆಕಿ ಗಂಡ ಎದ್ದು ಬಂದ. ನಿಮ್ಮಪ್ಪ ಬಂದ್ನೇನು?’ ಅಂದಳು. ರೊಟ್ಟಿ ಬಡಿಯುವುದು ನಿಲ್ಲಲಿಲ್ಲ.

ನನ್ನಲ್ಲಿ ವಾದಗಳಿದ್ದವು. ಬಳೆ ಹುಟ್ಟಿದಾಗಿನಿಂದ ಕೈಯಲ್ಲಿತ್ತು, ಗಂಡ ತಂದದ್ದಲ್ಲ, ಇತ್ಯಾದಿ. ವೇದಿಕೆ ಮೇಲೆ ಹೀಗೆ ಮಾತನಾಡಿದವರ ಭಾಷಣಗಳನ್ನು ಎಷ್ಟೋ ಸಲ ವರದಿ ಮಾಡಿದ್ದೇನೆ. ಒಲೆಯ ಮುಂದೆ ಅವು ಬಾಯಿಗೆ ಬರಲಿಲ್ಲ.

ಹೋದ ಭಾರತ ಹುಣ್ಣಿಮೆಗೆ ಅವ್ವನನ್ನು ಜೊತೆಗೆ ಕರೆದೊಯ್ದಿದ್ದೆ. ನಾನು ಫೋಟೊ ತೆಗೆಯುವಷ್ಟರಲ್ಲಿ ಆಕೆ ಬಳೆಗಾರನ ಮುಂದೆ ಕೂತಿದ್ದಳು. ತಂಗಿಗೆ ಒಂದು ಡಜನ್ ಹಸಿರು ಗಾಜಿನ ಬಳೆ ಬೇಕಿತ್ತು. ಅವನು ಅಳತೆ ಕೇಳಿದ. ‘ಆಕಿ ಕೈನೂ ನನ್ನಷ್ಟ ಐತಿ’ ಎಂದು ಅವ್ವ ಬಲಗೈ ಚಾಚಿದಳು. ಅವನು ಒಂದು ಬಳೆ ತೊಡಿಸಿ ನೋಡಿದ, ಸರಿಯಾಯಿತು. ಅವ್ವ ಕೈಯನ್ನು ಆಚೀಚೆ ತಿರುಗಿಸಿ ನೋಡಿ, ಬಳೆ ತೆಗೆದು, ಉಳಿದವುಗಳ ಜೊತೆ ಕಾಗದದಲ್ಲಿ ಸುತ್ತಿಸಿಕೊಂಡಳು.